ಬಂಕಿನಲ್ಲಿ ಹಟ ಹಿಡಿಯುತ್ತಿದ್ದ ಕಾರು

ಹುಬ್ಬಳ್ಳಿಯ ಬಿಲ್ಕೀಸ್ ಅಮೆರಿಕದ ಗ್ರೀನ್ ಕಾರ್ಡು ಬಂದ ವರ್ಷವೇ ಅಲ್ಲಿನ ಕಾಲೇಜಿಗೆ ಸೇರಿದಳು. ಸೇರಿದ್ದು ಕಂಪ್ಯೂಟರ್ ಕೋರ್ಸಿಗಲ್ಲ, ಕಾರು ರಿಪೇರಿಗೆ.

"ಊರೆಲ್ಲಾ ಜಾವಾ ಕಲೀಲಿಕ್ಕೆ ಹತ್ತೇದ, ನೀ ಸ್ಪ್ಯಾನರ್ ಹಿಡೀತೀ?" ಎಂದು ಗಂಡ ವಾಹಿದ್ ನಕ್ಕಿದ್ದ. ಆದರೆ ಕ್ಲಾಸಿದ್ದ ಸಂಜೆಗಳಲ್ಲಿ ಹೆಣ್ಣುಮಕ್ಕಳಿಬ್ಬರಿಗೂ ಊಟ ಮಾಡಿಸಿದವನು ಅವನೇ.

ಕೋರ್ಸು ಮುಗಿದ ಮೇಲೆ ರೆಡ್‌ವುಡ್ ಸಿಟಿಯಲ್ಲಿ ಬೆಂಗಳೂರಿನ ಹನುಮಂತರಾಜು ನಡೆಸುತ್ತಿದ್ದ ಗ್ಯಾರೇಜಿನಲ್ಲಿ ಕೆಲಸ ಸಿಕ್ಕಿತು, ಆದರೆ ಕೌಂಟರಿನಲ್ಲಿ. ಎರಡು ವರ್ಷ ಅವಳು ಬಿಡಿಭಾಗಗಳಿಗೆ ಆರ್ಡರ್ ಕೊಡುತ್ತ, ಊಟದ ಹೊತ್ತಿನಲ್ಲಿ ರಿಪೇರಿ ಪುಸ್ತಕಗಳನ್ನು ಓದುತ್ತ ಕಳೆದಳು.

೧೯೯೯ರ ಮಾರ್ಚಿನಲ್ಲಿ ಲಾಸ್ ಆಲ್ಟೋಸ್‌ನ ಡಾಕ್ಟರ್ ಇಂದು ಎಂಬುವರು ತಮ್ಮ ಕಾರು ತಂದರು. ದಿನವೂ ವಾಲ್ನಟ್ ಕ್ರೀಕ್‌ನ ಕ್ಲಿನಿಕ್ಕಿಗೆ ಓಡಾಡುವ ಕಾರು. ಬೇರೆ ಎರಡು ಗ್ಯಾರೇಜುಗಳು ಬ್ಯಾಟರಿಯನ್ನೂ ಫ್ಯೂಯಲ್ ಪಂಪನ್ನೂ ಬದಲಿಸಿದ್ದವು. ರೋಗ ಮಾತ್ರ ಹಾಗೇ ಇತ್ತು.

"ಪೆಟ್ರೋಲ್ ಹಾಕಿದ ಮೇಲೆ ಸ್ಟಾರ್ಟೇ ಆಗಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೀತಾರೆ. ಆ ಗ್ಯಾರೇಜಿನವರು ನಿಮಗೆ ಸ್ಟಾರ್ಟ್ ಮಾಡೋಕೆ ಬರಲ್ಲ ಅಂತ ಹೇಳಿ ಕಳಿಸಿದ್ರು. ಈಗ ನಮ್ಮನೆಯವರು ಜೊತೆಗಿಲ್ಲದೆ ನಾನು ಬಂಕಿಗೇ ಹೋಗಲ್ಲ." ಇಂದು ಅವರ ಕಣ್ಣು ತುಂಬಿತ್ತು.

ಹನುಮಂತರಾಜು ಕೀಲಿ ತಿರುಗಿಸಿದರು. ಕಾರು ತಕ್ಷಣ ಸ್ಟಾರ್ಟ್ ಆಯಿತು. "ಚೆನ್ನಾಗೇ ಇದೆಯಲ್ಲ ಮೇಡಂ!"

ಕೌಂಟರಿನಿಂದ ಬಿಲ್ಕೀಸ್ ಎದ್ದು ಬಂದಳು. "ಬ್ಯಾರೆ ಹೊತ್ತಿನ್ಯಾಗ ಹಿಂಗ ಆಗೂದಿಲ್ಲೇನ್ರೀ?"

"ಇಲ್ಲ. ಟ್ಯಾಂಕ್ ತುಂಬಿಸಿದಾಗ ಮಾತ್ರ."

"ಎಕ್ಸಲರೇಟರ್ ಪೂರಾ ಒತ್ತಿದ್ರ?"

"ಕೆಮ್ಮಿ ಕೆಮ್ಮಿ ಸ್ಟಾರ್ಟ್ ಆಗುತ್ತೆ. ನಿಮಗೆ ಹೇಗೆ ಗೊತ್ತಾಯ್ತು?"

ಬಿಲ್ಕೀಸ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಪೂರಾ ಒತ್ತಿದಾಗ ಒಳಕ್ಕೆ ಹೆಚ್ಚು ಗಾಳಿ ಹೋಗುತ್ತದೆ. ಹಾಗಾದರೆ ಎಂಜಿನ್ನಿಗೆ ಪೆಟ್ರೋಲು ಕಡಿಮೆಯಾಗಿಲ್ಲ, ವಿಪರೀತ ಹೆಚ್ಚಾಗಿದೆ. ಟ್ಯಾಂಕಿನಲ್ಲಿ ಏಳುವ ಆವಿಯನ್ನು ಒಂದು ಇದ್ದಿಲಿನ ಡಬ್ಬಿ ಹಿಡಿದಿಡುತ್ತದೆ. ಎಂಜಿನ್ ಓಡುವಾಗ ಒಂದು ಪುಟ್ಟ ವಾಲ್ವು ತೆರೆದು ಆ ಆವಿಯನ್ನು ಒಳಕ್ಕೆ ಬಿಡುತ್ತದೆ. ಎಂಜಿನ್ ನಿಂತಾಗ ಮುಚ್ಚಿಕೊಳ್ಳಬೇಕು. ಮುಚ್ಚದಿದ್ದರೆ ಟ್ಯಾಂಕು ತುಂಬುವಾಗ ಎದ್ದ ಆವಿಯೆಲ್ಲ ಎಂಜಿನ್ನಿಗೆ ನುಗ್ಗುತ್ತದೆ.

"ರಾಜು ಅವರ, ಆವಿ ಬಿಡೂ ವಾಲ್ವ್ ಬಿಚ್ಚಿ ನೋಡ್ತೀನ್ರೀ."

"ನೀವಾ?" ಹನುಮಂತರಾಜು ಹುಬ್ಬೇರಿಸಿದರು. ಇಂದು ಮಧ್ಯೆ ಬಂದರು: "ಅವರೇ ನೋಡಲಿ. ಇಷ್ಟು ದಿನದಲ್ಲಿ ನನ್ನನ್ನ ಸರಿಯಾಗಿ ಕೇಳಿದ್ದು ಅವರೊಬ್ಬರೇ."

ಬಿಲ್ಕೀಸ್ ದುಪಟ್ಟಾವನ್ನು ಹಿಂದಕ್ಕೆ ಗಂಟು ಹಾಕಿ ಬಾನೆಟ್ಟಿನೊಳಗೆ ಬಗ್ಗಿದಳು. ಹತ್ತು ನಿಮಿಷದಲ್ಲಿ ವಾಲ್ವು ಕೈಗೆ ಬಂತು. ಅದಕ್ಕೊಂದು ರಬ್ಬರ್ ಕೊಳವೆ ಸಿಕ್ಕಿಸಿ ಊದಿದಳು. ಕರೆಂಟಿಲ್ಲದಾಗ ಬಿಗಿಯಾಗಿ ಮುಚ್ಚಿರಬೇಕಾದ ವಾಲ್ವಿನಿಂದ ಗಾಳಿ ಸರಾಗವಾಗಿ ಹಾಯ್ದು ಹನುಮಂತರಾಜು ಅವರ ಅಂಗೈಗೆ ತಗಲಿತು. ಅವರು ತಾವೂ ಒಮ್ಮೆ ಊದಿ ನೋಡಿದರು. ಹೊಸದಕ್ಕೆ ಆರ್ಡರ್ ಕೊಡಲು ತಾವೇ ಫೋನ್ ಎತ್ತಿಕೊಂಡರು.

ಮಧ್ಯಾಹ್ನ ಹೊಸ ವಾಲ್ವು ಕೂತಿತು. ಮೂವರೂ ಹತ್ತಿರದ ಬಂಕಿಗೆ ಹೋದರು. ಟ್ಯಾಂಕು ತುಂಬುವಷ್ಟು ಹೊತ್ತೂ ಇಂದು ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದೇ ಕೂತಿದ್ದರು. ಹಿಂದೆ ನಾಲ್ಕು ಕಾರುಗಳು ಸಾಲುಗಟ್ಟಿದ್ದವು.

"ಈಗ ತಿರುಗಿಸ್ರಿ. ಎಕ್ಸಲರೇಟರ್ ಮುಟ್ಟಬ್ಯಾಡ್ರಿ."

ಅರ್ಧ ಸುತ್ತಿಗೇ ಎಂಜಿನ್ ಗುನುಗತೊಡಗಿತು. ಇಂದು ನಂಬದೆ ಆಫ್ ಮಾಡಿ ಮತ್ತೆ ತಿರುಗಿಸಿದರು. ಮೂರನೆಯ ಸಲ ಜೋರಾಗಿ ನಗುತ್ತ ತಾವೇ ಹಾರ್ನ್ ಹೊಡೆದರು, ಕೆಳಗಿಳಿದು ಗ್ರೀಸು ಮೆತ್ತಿದ ಬಿಲ್ಕೀಸಳನ್ನು ತಬ್ಬಿಕೊಂಡರು. "ನಾನು ಹುಚ್ಚಿ ಅಲ್ಲ ಅಂತ ಪ್ರೂವ್ ಮಾಡಿದ್ರಿ!"

ಹನುಮಂತರಾಜು ಬಿಲ್ಕೀಸಳ ಕಡೆ ತಿರುಗಿದರು. "ತಪ್ಪು ನಂದು ಕಣಮ್ಮ. ಎರಡು ವರ್ಷ ನಿಮ್ಮನ್ನ ಕೌಂಟರಲ್ಲಿ ಕೂರಿಸಿಬಿಟ್ಟೆ. ನಾಳೆಯಿಂದ ಕಾರು ಎತ್ತೋ ಎರಡನೇ ಲಿಫ್ಟು ನಿಮ್ದು."

ಅದು ಅವಳದೇ ಆಯಿತು. ೨೦೦೧ರಲ್ಲಿ ಕಂಪ್ಯೂಟರ್ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕಿ ವಾಹಿದ್ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತಾಗ, ಹೊಸ ಕಾರಿನ ಆಸೆ ಬಿಟ್ಟ ಜನ ಹಳೆಯ ಕಾರುಗಳನ್ನು ತಂದು ಅವಳ ಲಿಫ್ಟಿನ ಮುಂದೆ ಸಾಲು ನಿಲ್ಲಿಸಿದ್ದರು. "ಬಿಲ್ಕೀಸ್ ಇದ್ದಾರಾ? ಅವರೇ ನೋಡಬೇಕು" ಎಂದು ಕೇಳಿಕೊಂಡು ಬರುವವರೇ ಹೆಚ್ಚು.