ಅತ್ತಿವೇರಿಯಲ್ಲಿ ವ್ಯಾನಿನೊಳಗೆ

ನಿವೃತ್ತಿಯಾದ ಮೇಲೆ ವ್ಯಾನಿನಲ್ಲಿ ಊರೂರು ತಿರುಗಬೇಕೆಂಬುದು ನಮ್ಮ ಯಜಮಾನರ ಆಸೆಯಾಗಿತ್ತು, ನನ್ನದಲ್ಲ. ಆದರೆ ಅದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ. ಅವರು ದಾಂಡೇಲಿಯಲ್ಲಿ ಕಾಗದದ ಮಿಲ್ಲಿನ ಫಿಟರ್ ಆಗಿದ್ದವರು. ನಾನು ಹಳಿಯಾಳದ ಸರ್ಕಾರಿ ಶಾಲೆಯಲ್ಲಿ ಟೀಚರ್ ಆಗಿದ್ದೆ, ಮೂವತ್ತು ವರ್ಷ ದಿನಾ ಬಸ್ಸಿನಲ್ಲಿ ಹೋಗಿಬಂದವಳು. ಕಿಟಕಿ ಪಕ್ಕದ ಸೀಟು ಸಿಕ್ಕರೆ ಆ ಮುಕ್ಕಾಲು ಗಂಟೆ ನಾನು ಯಾರ ಹೆಂಡತಿಯೂ ಅಲ್ಲ, ಯಾರ ಟೀಚರೂ ಅಲ್ಲ. ಕಬ್ಬು ತುಂಬಿದ ಗಾಡಿಗಳನ್ನು ನೋಡುತ್ತ ಸುಮ್ಮನೆ ಕೂತಿರುತ್ತಿದ್ದೆ. ನಿವೃತ್ತಿಯ ದಿನ ಹಾರ, ಶಾಲು, ಭಾಷಣ ಎಲ್ಲ ಮುಗಿಸಿಕೊಂಡು ಕೊನೆಯ ಸಲ ಆ ಬಸ್ಸಿನಲ್ಲಿ ಮನೆಗೆ ಬಂದಾಗ ಮೊದಲು ನೆನಪಾದದ್ದು, ನಾಳೆ ಬಸ್ಸಿಲ್ಲ ಎಂಬುದು.

ಅಷ್ಟರಲ್ಲಿ ಅವರು ಒಂದು ಹಳೇ ಶಾಲಾ ವ್ಯಾನ್ ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ನಾಲ್ಕು ತಿಂಗಳು ಅದರದೇ ಕೆಲಸ. ಸೀಟು ಕಿತ್ತು ಮಂಚ ಕೂಡಿಸಿದರು. ಹಿಂಬಾಗಿಲಿಗೆ ಅಡ್ಡಲಾಗಿ ನೀರಿನ ಡ್ರಮ್ಮು, ಗ್ಯಾಸಿನ ಒಲೆ. ಡ್ರೈವರ್ ಸೀಟಿಗೂ ಹಿಂದಿನ ಕೋಣೆಗೂ ನಡುವೆ ಪ್ಲೈವುಡ್ ಗೋಡೆ, ಅದರ ತುಂಬ ಪಾತ್ರೆ ಇಡುವ ಗೂಡುಗಳು. ಮಂಗಗಳ ಕಾಟವೆಂದು ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ. ಓಣಿಯವರೆಲ್ಲ ಬಂದು ನೋಡಿದರು.

"ನಸೀಬ ಮಾಡೀರಿ ಬಿಡ್ರಿ ಟೀಚರ್, ಮನೀನs ತಗೊಂಡು ತಿರಗ್ತೀರಿ," ಎಂದಳು ಪಕ್ಕದ ಮನೆಯಾಕೆ.

ನಾನು ನಕ್ಕೆ.

ಕುಳಗಿಗೆ ಹೋದೆವು, ಜೋಯಿಡಾಕ್ಕೆ ಹೋದೆವು. ಮುಂದಿನ ಇನ್ನೊಂದು ಸೀಟಿನ ಮೇಲೆ ಅವರ ಹತಾರಗಳ ಪೆಟ್ಟಿಗೆ ಇರುತ್ತಿತ್ತು, ಹಾಗಾಗಿ ನಾನು ಹಿಂದೆ. ಪಾಳಿಯ ಹೊತ್ತಿಗೆ ಕೂಗುವ ಮಿಲ್ಲಿನ ಭೋಂಗಾ ಅವರ ಮೈಯಲ್ಲೇ ಉಳಿದುಬಿಟ್ಟಿತ್ತು. ಆರಕ್ಕೆ ಚಹಾ, ಹನ್ನೆರಡಕ್ಕೆ ಊಟ. ಕಾಡಿನ ನಡುವೆ ನಿಂತರೂ ನಾನು ಮಾಡುತ್ತಿದ್ದುದು ಅದೇ ಅನ್ನ, ಅದೇ ಸಾರು, ಅದೇ ಪಾತ್ರೆ. ಮನೆಯಲ್ಲಾದರೆ ಅಂಗಳಕ್ಕೆ ಹೋಗಿ ನಿಲ್ಲಬಹುದಿತ್ತು. ಇಲ್ಲಿ ತಿರುಗಿದರೆ ಮೊಣಕೈ ಅವರಿಗೆ ಬಡಿಯುತ್ತಿತ್ತು. ಜೋಯಿಡಾದಲ್ಲಿ ಮಳೆ ಹಿಡಿದು ಎರಡು ದಿನ ಒಳಗೇ ಕೂತೆವು. ಅವರು ಸೀಟಿ ಹೊಡೆಯುತ್ತ ಒಂದು ಗೂಡಿನ ಬಾಗಿಲು ರಿಪೇರಿ ಮಾಡಿದರು. ಅಷ್ಟು ಸಂತೋಷವಾಗಿದ್ದರು. ಸಂತೋಷವಾಗಿರುವ ಮನುಷ್ಯನಿಗೆ, ನನಗೆ ಸಾಕಾಗಿದೆ ಎಂದು ಹೇಳುವುದು ಹೇಗೆ?

ಹೋದ ಚಳಿಗಾಲದಲ್ಲಿ ಮುಂಡಗೋಡ ಕಡೆಗೆ ಹೋಗಿ ಅತ್ತಿವೇರಿಯ ಜಲಾಶಯದ ಹತ್ತಿರ ನಿಲ್ಲಿಸಿದೆವು. ಊಟವಾದ ಮೇಲೆ ಅವರು ಹಕ್ಕಿ ನೋಡಲು ಹೊರಟರು. ನಾನು ಮಂಚದ ಮೇಲೆ ಅಡ್ಡಾಗಿದ್ದೆ.

"ಮಂಗ್ಯಾ ಬರ್ತಾವು, ಹೊರಗಿಂದ ಕೀಲಿ ಹಾಕಿರ್ತೀನಿ. ಅರ್ಧಾ ತಾಸಿನ್ಯಾಗ ಬಂದೆ," ಎಂದು ಪಕ್ಕದ ಬಾಗಿಲು ಎಳೆದರು.

ಆ ಬಾಗಿಲಿಗೆ ಒಳಗಿನಿಂದ ತೆರೆಯುವ ಹಿಡಿಕೆಯೇ ಇರಲಿಲ್ಲ. ಮಕ್ಕಳು ತೆರೆದುಬಿಡುತ್ತಾರೆಂದು ಶಾಲೆಯವರು ಹಿಂದೆಯೇ ತೆಗೆಸಿದ್ದರಂತೆ.

ಅರ್ಧ ತಾಸು ಹೋಯಿತು. ಒಂದು ತಾಸಾಯಿತು. ಪ್ಲೈವುಡ್ ಗೋಡೆಯ ಆಚೆ, ಚಾರ್ಜಿಗೆ ಇಟ್ಟಿದ್ದ ನನ್ನ ಫೋನ್ ಹೊಡೆದುಕೊಳ್ಳತೊಡಗಿತು. ನಿಂತಿತು. ಮತ್ತೆ ಹೊಡೆದುಕೊಂಡಿತು. ಅವರೇ ಮಾಡುತ್ತಿದ್ದಾರೆ, ಏನೋ ಆಗಿದೆ ಎಂದು ತಿಳಿಯಿತು. ಗೋಡೆ ಬಡಿದೆ, ಬಾಗಿಲು ಬಡಿದೆ. ತಗಡು ಕಾದು ಒಳಗೆ ಸೆಕೆ ಏರಿತ್ತು. ಮೊದಲು ಅವರಿಗೆ ಏನಾಯಿತೋ ಎಂಬ ಹೆದರಿಕೆ. ಆಮೇಲೆ ಸಿಟ್ಟು. ಅದೂ ಹೋಗಿ, ಜಾಲರಿಗೆ ಮುಖ ಒತ್ತಿ ನಿಂತಾಗ ಉಸಿರೇ ಸಾಲದಂತಾಯಿತು.

ಎರಡು ತಾಸು ಕಳೆದ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದ ಸಿದ್ದಿ ಹೆಂಗಸೊಬ್ಬಳು ನನ್ನ ಕೂಗು ಕೇಳಿ ಹೊರೆ ಇಳಿಸಿ ಹತ್ತಿರ ಬಂದಳು.

"ಯಾರು ಕೂಡಿ ಹಾಕ್ಯಾರ್ರಿ ಅಕ್ಕಾರ ನಿಮ್ಮನ್ನ?"

"ನಮ್ಮ ಮನಿಯವರs. ಹಕ್ಕಿ ನೋಡಾಕ ಹೋಗ್ಯಾರವಾ, ಇನ್ನೂ ಬಂದಿಲ್ಲ."

ಅವಳಿಗೆ ನಗು ಬಂತು. ನನ್ನ ಮುಖ ನೋಡಿ ನಿಲ್ಲಿಸಿದಳು.

"ನೀವು ಹಕ್ಕಿ ನೋಡಂಗಿಲ್ಲೇನ್ರಿ?"

ಅವರು ಹೋದ ದಿಕ್ಕನ್ನು ಜಾಲರಿಯೊಳಗಿಂದಲೇ ತೋರಿಸಿದೆ. ಅವಳು ಹುಡುಕಿಕೊಂಡು ಹೋದಳು. ಬಹಳ ಹೊತ್ತಿನ ಮೇಲೆ ಕೀಲಿ ತಂದು ಬಾಗಿಲು ತೆರೆದಳು.

"ಜಾರಿ ಬಿದ್ದು ದಂಡಿ ಮ್ಯಾಗ ಕುಂತಾರ್ರಿ. ಕಾಲು ಬಾತೈತಿ. ಜೀವಕ್ಕೇನೂ ಇಲ್ಲ, ಗಾಬರಿ ಆಗಬ್ಯಾಡ್ರಿ."

ಇಳಿದೆ. ಮುಂದಿನದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ. ಅವರಿದ್ದ ಕಡೆಗೆ ಓಡಲಿಲ್ಲ. ಎದುರು ದಿಕ್ಕಿಗೆ ನಡೆದೆ. ಗಾಳಿ ಬೀಸುತ್ತಿತ್ತು, ಕಾಲು ತಾನಾಗಿಯೇ ಹೋಗುತ್ತಿತ್ತು. ಹಿಂದಿನಿಂದ ಅವಳು ಕೂಗಿದಳು.

"ಅಕ್ಕಾರ, ಅವರು ಈ ಕಡೆ ಅದಾರ್ರಿ!"

"ಗೊತ್ತೈತವಾ," ಎಂದೆ. ಇನ್ನೊಂದಿಷ್ಟು ದೂರ ನಡೆದು, ನಿಂತು, ಆಮೇಲೆ ತಿರುಗಿದೆ.

ಅವರ ಪಾದದ ಎಲುಬು ಬಿರುಕು ಬಿಟ್ಟಿತ್ತು. ಮುಂಡಗೋಡದಲ್ಲಿ ಪ್ಲಾಸ್ಟರ್ ಹಾಕಿಸಿ, ಬಾಡಿಗೆ ಡ್ರೈವರನನ್ನು ಹಿಡಿದು ದಾಂಡೇಲಿಗೆ ಬಂದೆವು. ಆರು ವಾರ ಅವರಿಗೆ ಕುರ್ಚಿಯೇ ಗತಿ. ಹದಿನೈದು ದಿನಕ್ಕೇ ಗೋಳಾಡತೊಡಗಿದರು.

"ಹುಚ್ಚು ಹಿಡಿದಂಗ ಆಗೈತಿ ನನಗ. ಅವs ನಾಕು ಗ್ವಾಡಿ."

ಬಡಿಸುತ್ತಿದ್ದ ಸೌಟು ಕೆಳಗಿಟ್ಟೆ. "ನನಗ ವ್ಯಾನಿನ್ಯಾಗ ಹಂಗs ಆಗ್ತಿತ್ರೀ. ಅವತ್ತೊಂದ ದಿನ ಅಲ್ಲ. ದಿನಾ."

ಅವರು ನನ್ನನ್ನೇ ನೋಡಿದರು. "ಮತ್ತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲ."

ಅದು ಪೂರ್ತಿ ನಿಜವಲ್ಲ. ಕೇಳಿದ್ದರೂ ಚಲೋ ಐತಿ ಎನ್ನುತ್ತಿದ್ದೆ. ಒಂದೊಂದು ಸ್ಕ್ರೂ ಕೂಡಿಸುವಾಗಲೂ ಅವರು ನನ್ನ ಮುಖ ನೋಡುತ್ತಿದ್ದರು. ಆ ಮುಖದಲ್ಲಿ ನಗು ಇಟ್ಟವಳು ನಾನೇ. ಅವತ್ತು ಅವರು ಊಟ ಅರ್ಧಕ್ಕೇ ಬಿಟ್ಟರು. ಎರಡು ದಿನ ಅಗತ್ಯಕ್ಕೆ ತಕ್ಕಷ್ಟೇ ಮಾತು.

ಪ್ಲಾಸ್ಟರ್ ಬಿಚ್ಚಿದ ಮೇಲೆ ಕುಂಟುತ್ತಲೇ ಅಂಗಳಕ್ಕೆ ಹೋಗಿ ಪ್ಲೈವುಡ್ ಗೋಡೆ ಕಿತ್ತು ಹಾಕಿದರು, ಬಾಗಿಲಿಗೆ ಒಳಗಿನಿಂದಲೂ ಹಿಡಿಕೆ ಕೂಡಿಸಿದರು. ಒಂದು ವಾರ ಬಿಟ್ಟು, "ಕುಳಗಿಗೆ ಹೋಗೂಣು?" ಎಂದರು.

"ನಾ ಬರೂದಿಲ್ರಿ. ನೀವು ಹೋಗಿ ಬರ್ರಿ."

ಇಷ್ಟು ವರ್ಷಗಳಲ್ಲಿ ಅವರಿಗೆ ನಾನು ಇಲ್ಲ ಎಂದದ್ದು ಅದೇ ಮೊದಲು. ಒಬ್ಬರೇ ಹೋದರು. ನಾನು ಮೂರು ಗಂಟೆಗೆ ಮೊಸರನ್ನ ಉಂಡು ನೆಲದ ಮೇಲೆ ಕೈಕಾಲು ಚಾಚಿ ಮಲಗಿದೆ. ಹಗುರಾಗುತ್ತದೆ ಎಂದುಕೊಂಡಿದ್ದೆ. ಅವರ ಕಾಲು ನೆನಪಾಗಿ ಮತ್ತೆ ಮತ್ತೆ ಎದ್ದು ಕೂತೆ. ನನ್ನನ್ನು ಕಟ್ಟಿಹಾಕಿದ್ದು ತಗಡು, ಜಾಲರಿ ಮಾತ್ರ ಅಲ್ಲವೆಂದು ಅವತ್ತು ತಿಳಿಯಿತು. ಮರುದಿನ ಮಧ್ಯಾಹ್ನ ಅವರು ಬಂದು, ಚಪ್ಪಲಿ ಬಿಡುತ್ತ, "ಒಬ್ಬವನs ಮಾತಾಡಿ ಮಾತಾಡಿ ಸಾಕಾತು," ಎಂದರು.

ಈಗ ಒಮ್ಮೊಮ್ಮೆ ಹೋಗುತ್ತೇನೆ, ಒಮ್ಮೊಮ್ಮೆ ಇಲ್ಲ. ಹೋದಾಗ ಮುಂದೆ ಕೂರುತ್ತೇನೆ, ಬೇಕೆಂದಲ್ಲಿ ನಿಲ್ಲಿಸಲು ಹೇಳುತ್ತೇನೆ. ಆದರೂ ನಾಲ್ಕನೆಯ ದಿನಕ್ಕೆ ಎದೆ ಬಿಗಿಯುತ್ತದೆ. ಇಂದು ಬೆಳಿಗ್ಗೆ ಜೋಯಿಡಾಕ್ಕೆ ಬರುತ್ತೀಯಾ ಎಂದು ಕೇಳಿದರು. ನಾಳೆ ಹೇಳ್ತೀನಿ ಎಂದೆ. ಆಯಿತು ಎಂದು ಪೇಪರ್ ಹಿಡಿದು ಕೂತಿದ್ದಾರೆ.