ಬರಿಗಾಲಲ್ಲಿ ಬುರುಜು

ಎಸ್ಟೋನಿಯಾದ ಟ್ಯಾಲಿನ್ ಎಂಬ ಹಳೇ ಊರಿನಲ್ಲಿ, ಕತ್ತು ನೋಯುವಷ್ಟು ಎತ್ತರದ ಕೋಟೆ ಬುರುಜಿನ ಬಾಗಿಲಿಗೆ ಬಂದದ್ದೇ ತಡ, ಅಮ್ಮ ಚಪ್ಪಲಿ ಬಿಟ್ಟಳು. ಯಡಿಯೂರಿನ ದೇವಸ್ಥಾನದ ಮುಂದೆ ಬಿಡುವ ಹಾಗೆ, ಗೋಡೆಗೆ ಒತ್ತರಿಸಿ. ಟಿಕೆಟ್ ಹರಿಯುವ ಹೆಂಗಸು ಓಡಿಬಂದು, ಇಲ್ಲಿ ಹಾಗೇನೂ ನಿಯಮವಿಲ್ಲ, ಕಲ್ಲು ತಣ್ಣಗೆ ಕೊರೆಯುತ್ತದೆ ಎಂದರು. ನನಗೆ ಮುಜುಗರವಾಯಿತು.

"ಅಮ್ಮಾ, ಇದು ಗುಡಿ ಅಲ್ಲ. ಹಾಕ್ಕೋ."

ಅಮ್ಮ ಆಗಲೇ ಮೂರು ಮೆಟ್ಟಿಲು ಹತ್ತಿ ನಿಂತುಬಿಟ್ಟಿದ್ದಳು. "ಕಲ್ಲು ಬಟ್ಟಲಿನ ಹಾಗೆ ಸವೆದಿದೆ ಕಣೋ. ಎಷ್ಟು ಜನ ಕಾವಲಿನವರು ಹತ್ತಿ ಇಳಿದಿರ್ಬೇಕು! ಅವರು ಕಾಲಿಟ್ಟ ಜಾಗದಲ್ಲೇ ನನ್ ಕಾಲೂ ಕೂತ್ಕೊಳ್ತಿದೆ."

ಅದನ್ನೇ ಆ ಹೆಂಗಸಿಗೆ ಇಂಗ್ಲಿಷಿನಲ್ಲಿ ಹೇಳಿ, ನಾನೂ ಬೂಟು ಬಿಚ್ಚಿ ಹತ್ತಿದೆ.

ನಾವು ಇಳಿದು ಬಂದಾಗ ಆ ಟಿಕೆಟಿನ ಹೆಂಗಸು ತಮ್ಮ ಒಂದು ಬೂಟನ್ನು ಕೈಯಲ್ಲಿ ಹಿಡಿದು, ಬರಿಗಾಲನ್ನು ಮೊದಲ ಮೆಟ್ಟಿಲ ಗುಳಿಯಲ್ಲಿ ಊರಿ, ಕಣ್ಣು ಮುಚ್ಚಿ ನಿಂತಿದ್ದರು.