ಹರತಾಳದ ದಿನ ಒತ್ತಿ ನೋಡಿದ ಕಾಲು

ಗದಗದಿಂದ ಕಾಸರಗೋಡಿಗೆ ಕೆಲಸಕ್ಕೆ ಬಂದ ಮೊದಲ ವಾರವೇ, ಒಂದು ಬೆಳಿಗ್ಗೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ದೊಡ್ಡವರು ಯಾರೋ ತೀರಿಕೊಂಡರೇನೋ ಎಂದು ಗಾಬರಿಯಾದೆ.

"ಎಂತ ಇಲ್ಲ ಡಾಕ್ಟ್ರೇ, ಇವತ್ತು ಹರತಾಳ," ಎಂದು ನರ್ಸ್ ಗ್ರೇಸಿ ನಕ್ಕರು.

ನಮ್ಮ ಕಡೆ ಬಂದ್ ಎಂದರೆ ಅರ್ಧ ಶಟರ್ ಎತ್ತಿ ಚಹಾ ಕೊಡುತ್ತಾರೆ. ಇಲ್ಲಿ ಬೆಂಕಿಪೊಟ್ಟಣವೂ ಸಿಗುವುದಿಲ್ಲ. ಜನ ಹಿಂದಿನ ಸಂಜೆಯೇ ಕೋಳಿ ತಂದಿಟ್ಟುಕೊಂಡು ಹಾಯಾಗಿರುತ್ತಾರೆ. ನಾನು ಬಿಸ್ಕಿಟ್ ತಿಂದು ದಿನ ಕಳೆದೆ.

ಎಷ್ಟು ದಿನವಾದರೂ ಕುಚ್ಚಲಕ್ಕಿ ಗಂಜಿ ಗಂಟಲಿಗೆ ಒಗ್ಗಲಿಲ್ಲ. ಬಿಸಿರೊಟ್ಟಿ ನೆನೆದು ಅತ್ತದ್ದೂ ಉಂಟು. ಸಾಕಪ್ಪ ಸಾಕು ಎನಿಸಿ ಗದಗದಲ್ಲೇ ಕೆಲಸ ಗೊತ್ತುಮಾಡಿಕೊಂಡು, ರೈಲಿಗೆ ಟಿಕೆಟ್ಟೂ ತೆಗೆಸಿದೆ. ಇನ್ನೇನು ಹೊರಡಬೇಕು, ಮತ್ತೆ ಹರತಾಳ.

ಅಂದು 'ಹಾಸ್ಪಿಟಲ್' ಎಂದು ಕಾಗದ ಅಂಟಿಸಿಕೊಂಡ ಜೀಪೊಂದು ಬಂತು. ಅದರಲ್ಲಿ ವರ್ಕಾಡಿಯ ಲಲಿತಕ್ಕ, ಬೀಡಿ ಕಟ್ಟುವವರು. ಎಡಗಾಲ ಮೀನಖಂಡ ಊದಿತ್ತು.

"ನನ್ನ ತಂಗಿಗೆ ಹೆರಿಗೆ ಆದ ಮೇಲೆ ಹೀಗೇ ಕಾಲು ಬೀಗಿದ್ದು. ಅಂಗಳದಲ್ಲಿ ನಿಂತಿದ್ದವಳು ಉಸಿರು ಸಿಕ್ಕದೆ ಹೋದಳು. ನನಗೂ ಅದೇ ಉಂಟಾ? ಇದ್ದದ್ದು ಹೇಳಿ ಡಾಕ್ಟ್ರೇ."

ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಆ ಗಡ್ಡೆ ಶ್ವಾಸಕೋಶಕ್ಕೆ ಹೋಗಿ ಕೂರಬಹುದು. ಸ್ಕ್ಯಾನಿಂಗ್ ಡಾಕ್ಟರು ಮಂಗಳೂರಿನಿಂದ ಬರಬೇಕು, ರಸ್ತೆ ಬಂದ್. ನಮ್ಮ ತುರ್ತು ವಿಭಾಗದ ಸಣ್ಣ ಸ್ಕ್ಯಾನಿಂಗ್ ಯಂತ್ರವನ್ನೇ ಹಾಸಿಗೆಯ ಪಕ್ಕಕ್ಕೆ ಎಳೆದುಕೊಂಡೆ. ತೊಡೆಸಂದಿನಲ್ಲಿ, ಮೊಣಕಾಲ ಹಿಂದೆ ಅದರ ಹಿಡಿಯನ್ನು ಒತ್ತಿ ನೋಡಬೇಕು. ರಕ್ತನಾಳ ಪೂರ್ತಿ ಚಪ್ಪಟೆಯಾದರೆ ಅಲ್ಲಿ ಗಡ್ಡೆ ಇಲ್ಲ.

"ಸ್ವಲ್ಪ ನೋವಾಗ್ತದ್ರಿ," ಎಂದೆ.

"ಒತ್ತಿ ಮಾರಾಯ್ರೇ, ಇದೆಲ್ಲ ಎಂತ ನೋವು!" ಎಂದರು. ಗ್ರೇಸಿಯ ಕೈ ಮಾತ್ರ ಬಿಡಲಿಲ್ಲ.

ಪರದೆಯ ಮೇಲೆ ಕಪ್ಪು ದುಂಡಾಗಿ ಕಂಡ ರಕ್ತನಾಳ ಒತ್ತಿದಲ್ಲೆಲ್ಲ ಮುಚ್ಚಿಕೊಂಡಿತು. ಎರಡೆರಡು ಸಲ ನೋಡಿದೆ.

"ಇಲ್ರೀ ಅಕ್ಕಾರ, ಗಡ್ಡಿ ಇಲ್ಲ."

ಲಲಿತಕ್ಕ ಸೆರಗಿನಲ್ಲಿ ಮುಖ ಮುಚ್ಚಿ ಗಳಗಳನೆ ಅತ್ತರು. ಆದರೆ ಮೀನಖಂಡದ ಸಣ್ಣ ನಾಳಗಳು ಈ ಪರೀಕ್ಷೆಗೆ ಸಿಗುವುದಿಲ್ಲ. ಅಲ್ಲೇನಾದರೂ ಇದ್ದರೆ ಮೇಲೇರಬಹುದು. ಹಾಗಾಗಿ ವಾರ ಬಿಟ್ಟು ಮತ್ತೊಮ್ಮೆ ನೋಡಲೇಬೇಕು, ಉಸಿರು ಕಟ್ಟಿದರೆ ತಕ್ಷಣ ಬರಬೇಕು ಎಂದೆ.

"ಬರ್ತೇನೆ. ನೀವೇ ಇರ್ತೀರಲ್ಲ?"

ಬೇರೆಯವರು ನೋಡುತ್ತಾರೆ ಎನ್ನಬಹುದಿತ್ತು. "ಇರ್ತೀನ್ರಿ," ಎಂದುಬಿಟ್ಟೆ. ಟಿಕೆಟ್ ರದ್ದು ಮಾಡಿಸಿ ಅವ್ವನಿಗೆ ಫೋನ್ ಮಾಡಿದೆ: "ಒಂದು ವಾರ ತಡ ಆಗ್ತದವ್ವಾ."

ವಾರದ ನಂತರ ಲಲಿತಕ್ಕ ಕೆಸುವಿನೆಲೆಯ ಪತ್ರೊಡೆ ಕಟ್ಟಿಕೊಂಡು ಬಂದರು. ಊತ ಇಳಿದಿತ್ತು, ನಾಳ ಮತ್ತೆ ಸಲೀಸಾಗಿ ಮುಚ್ಚಿಕೊಂಡಿತು. ಅಷ್ಟರಲ್ಲಿ ಇನ್ನೊಬ್ಬ ರೋಗಿಗೆ 'ವಾರ ಬಿಟ್ಟು ಬನ್ನಿ' ಎಂದಾಗಿತ್ತು.

ಈಗ ಗದಗಕ್ಕೆ ಹೋದರೆ ಮೂರನೇ ದಿನಕ್ಕೆ ಗಂಜಿ ಬೇಕೆನಿಸುತ್ತದೆ. ಇಲ್ಲಿ ಗಂಜಿಯ ಮುಂದೆ ಕೂತರೆ ಅವ್ವನ ರೊಟ್ಟಿ ನೆನಪಾಗುತ್ತದೆ. "ಊರಿಗೆ ಯಾವಾಗ ಬರ್ತೀಯೇ?" ಎಂದು ಅವ್ವ ಇವತ್ತಿಗೂ ಫೋನಿನಲ್ಲಿ ಕೇಳುತ್ತಾಳೆ.

"ಇನ್ನೊಂದು ವಾರ ಅವ್ವಾ," ಎನ್ನುತ್ತೇನೆ.